ಮತಪೆಟ್ಟಿಗೆಗೂ ಮೊದಲಿನ ಬಾಗಿಲು

ವಿಜಯಪುರದ ಓದುಗರೊಬ್ಬರು ಇರಾನ್ ಕುರಿತ ನಮ್ಮ ಲೇಖನ ಓದಿ ಹೀಗೆ ಕೇಳಿದ್ದಾರೆ: "ಅಲ್ಲಿ ಚುನಾವಣೆ ನಡೆಯುತ್ತೆ, ಸಂಸತ್ತಿದೆ, ಅಧ್ಯಕ್ಷರಿದ್ದಾರೆ. ಆದರೂ ಧರ್ಮಗುರುಗಳ ಆಡಳಿತ ಅಂತ ಯಾಕೆ ಬರೆಯುತ್ತೀರಿ? ಷಿಯಾ ಸಂಪ್ರದಾಯ ಮೊದಲಿಂದಲೂ ಹೀಗೇ ಅಲ್ವಾ? ಜನಕ್ಕೆ ಬೇಡವಾದರೆ ಸಂವಿಧಾನ ಬದಲಿಸಿಕೊಳ್ಳಬಹುದಲ್ಲ?"

ಸಂಪಾದಕರ ಉತ್ತರ:

ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮೊದಲಿಂದಲೂ ಹೀಗಿರಲಿಲ್ಲ. ನಿಮ್ಮ ಊರಿನ ಚರಿತ್ರೆಯೇ ಅದಕ್ಕೆ ಸಾಕ್ಷಿ. 1501ರಲ್ಲಿ ಷಾ ಇಸ್ಮಾಯಿಲ್ ಇರಾನಿನಲ್ಲಿ ಷಿಯಾ ಪಂಥವನ್ನು ರಾಜ್ಯಧರ್ಮ ಮಾಡಿದ. ಒಂದೆರಡು ವರ್ಷದಲ್ಲೇ ಬಿಜಾಪುರದ ಯೂಸುಫ್ ಆದಿಲ್ ಷಾ ಅದೇ ದಾರಿ ಹಿಡಿದ. ಎರಡೂ ಕಡೆ ಆಳಿದವನು ದೊರೆ, ಧರ್ಮಗುರು ಅಲ್ಲ. 1906ರಲ್ಲಿ ಇರಾನಿಯರು ಹೋರಾಡಿ ಸಂಸತ್ತು ಪಡೆದಾಗ ಹಲವು ಧರ್ಮಗುರುಗಳು ಜೊತೆಗಿದ್ದರು. ಕಾನೂನುಗಳನ್ನು ಪರಿಶೀಲಿಸಲು ಐವರು ಧರ್ಮಪಂಡಿತರ ಸಮಿತಿ ಇರಲಿ ಎಂದು ಮರುವರ್ಷ ಸಂವಿಧಾನದಲ್ಲಿ ಬರೆಸಿದರು. ಆದರೆ ಪಟ್ಟ ತಮಗೇ ಬೇಕು ಎನ್ನಲಿಲ್ಲ.

ಧರ್ಮಶಾಸ್ತ್ರ ಬಲ್ಲವನೇ ರಾಜ್ಯ ಆಳಬೇಕು ಎಂಬ 'ವಿಲಾಯತೆ ಫಕೀಹ್' ವಾದವನ್ನು ಆಯತೊಲ್ಲಾ (ಷಿಯಾ ಹಿರಿಯ ಧರ್ಮಗುರುಗಳ ಬಿರುದು) ಖೊಮೇನಿ ಬಿಡಿಸಿ ಹೇಳಿದ್ದು 1970ರಲ್ಲಿ. ಆಗ ಅವರು ಗಡೀಪಾರಾಗಿ ಇರಾಕಿನ ನಜಾಫ್‌ನಲ್ಲಿದ್ದರು. ಅದೇ ನಜಾಫ್‌ನ ಹಿರಿಯ ಗುರು ಆಯತೊಲ್ಲಾ ಖೂಯಿ ಇದನ್ನು ಒಪ್ಪಲಿಲ್ಲ.

1979ರ ಜನವರಿಯಲ್ಲಿ ಕ್ರಾಂತಿಯ ಬಿಸಿಗೆ ಇರಾನಿನ ದೊರೆ ಷಾ ದೇಶ ಬಿಟ್ಟ. ಫೆಬ್ರವರಿ 1ಕ್ಕೆ ಖೊಮೇನಿ ವಾಪಸಾದರು. ಮಾರ್ಚ್ ಕೊನೆಗೆ ಜನಮತ. ಇಸ್ಲಾಮಿಕ್ ಗಣರಾಜ್ಯ ಬೇಕಾದರೆ ಹಸಿರು ಚೀಟಿ, ಬೇಡವಾದರೆ ಕೆಂಪು. ಆ ಗಣರಾಜ್ಯ ಹೇಗಿರುತ್ತದೆ ಎಂದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಸಂವಿಧಾನ ಇನ್ನೂ ಬಂದೇ ಇರಲಿಲ್ಲವಲ್ಲ!

ಜೂನ್‌ನಲ್ಲಿ ಪ್ರಕಟವಾದ ಕರಡಿನಲ್ಲಿ ಅಧ್ಯಕ್ಷರಿದ್ದರು, ಸಂಸತ್ತಿತ್ತು. ಸರ್ವೋಚ್ಚ ನಾಯಕ ಎಂಬ ಹುದ್ದೆಯೇ ಇರಲಿಲ್ಲ. ಸಣ್ಣಪುಟ್ಟ ತಿದ್ದುಪಡಿ ಮಾಡಿ ಅದನ್ನೇ ಜನಮತಕ್ಕೆ ಹಾಕಲು ಖೊಮೇನಿ ತಯಾರಿದ್ದರು. ಬೇಡ, ಚುನಾಯಿತ ಸಭೆಯಲ್ಲಿ ಚರ್ಚೆಯಾಗಲಿ ಎಂದು ಪಟ್ಟು ಹಿಡಿದವರು ಪ್ರಧಾನಿ ಬಜರ್ಗಾನ್ ಮತ್ತು ಅವರ ಕಡೆಯ ಉದಾರವಾದಿಗಳು. ನ್ಯಾಯವಾದ ಬೇಡಿಕೆಯೇ. ಆದರೆ ಆಗಸ್ಟ್‌ನಲ್ಲಿ ಚುನಾವಣೆ ನಡೆದಾಗ 73 ಜನರ ಆ ಸಭೆಯ ತುಂಬಾ ಧರ್ಮಗುರುಗಳೇ ಗೆದ್ದು ಬಂದರು. ಅವರು ಕರಡನ್ನು ತಿರುಗಿಸಿ ಬರೆದು, ಸರ್ವೋಚ್ಚ ನಾಯಕನ ಹುದ್ದೆಯನ್ನು ಸೇರಿಸಿದರು. ಸೇನೆ, ನ್ಯಾಯಾಂಗದ ಮುಖ್ಯ ನೇಮಕಗಳು, ಯುದ್ಧ ಸಾರುವ ಅಧಿಕಾರ, ಎಲ್ಲವೂ ನಾಯಕನ ಕೈ ಸೇರಿದವು. ಇರಾನಿನ ಇಡೀ ಕಥೆಯಲ್ಲಿ ನನ್ನನ್ನು ತುಂಬಾ ಕಾಡುವುದು ಈ ಕೆಲವು ತಿಂಗಳು. ಬೇರೆ ದಾರಿ ಕೈಯಳತೆಯಲ್ಲೇ ಇತ್ತು.

ಆ ಸಭೆಯ ಅಧ್ಯಕ್ಷರಾಗಿದ್ದವರು ಆಯತೊಲ್ಲಾ ಮೊಂತಜೆರಿ. ಮುಂದೆ ಖೊಮೇನಿಯ ಉತ್ತರಾಧಿಕಾರಿ ಎಂದೇ ಹೆಸರಾದರು. 1988ರಲ್ಲಿ ಜೈಲುಗಳಲ್ಲಿ ರಾಜಕೀಯ ಕೈದಿಗಳನ್ನು ಸಾಲುಸಾಲಾಗಿ ಗಲ್ಲಿಗೇರಿಸಿದಾಗ ಅವರು ಸುಮ್ಮನಿರಲಿಲ್ಲ, ಇದು ತಪ್ಪು ಎಂದು ಖೊಮೇನಿಗೇ ಪತ್ರ ಬರೆದರು. ಮರುವರ್ಷ ಅವರನ್ನು ಕೆಳಗಿಳಿಸಲಾಯಿತು. ನಾಯಕನ ಅಧಿಕಾರವನ್ನು ಪ್ರಶ್ನಿಸಿದ್ದಕ್ಕೆ 1997ರಿಂದ ಐದು ವರ್ಷಕ್ಕೂ ಹೆಚ್ಚು ಕಾಲ ಗೃಹಬಂಧನ. ಆ ಹುದ್ದೆಯನ್ನು ಸಂವಿಧಾನದಲ್ಲಿ ಕೂರಿಸಿದವರಿಗೇ ಈ ಗತಿ ಬಂತು.

1989ರ ಜೂನ್ 3ರಂದು ಖೊಮೇನಿ ತೀರಿಕೊಂಡರು. ಮರುದಿನವೇ ಹೊಸ ನಾಯಕನನ್ನು ಆರಿಸಲು, ಆ ಕೆಲಸಕ್ಕೆಂದೇ ಇರುವ ಧರ್ಮಗುರುಗಳ 'ತಜ್ಞರ ಸಭೆ' ಸೇರಿತು. ಆ ಸಭೆಯ ವಿಡಿಯೊ 2018ರಲ್ಲಿ ಹೊರಬಂತು. ಅದರಲ್ಲಿ ಆಗಿನ ಅಧ್ಯಕ್ಷ ಅಲಿ ಖಮೇನಿ ಎದ್ದು ನಿಂತು, ತಾನು ಈ ಹುದ್ದೆಗೆ ತಕ್ಕವನಲ್ಲ ಎನ್ನುತ್ತಾರೆ. ಆಗಿನ ಸಂವಿಧಾನದ ಪ್ರಕಾರ ನಾಯಕ ಅತ್ಯುನ್ನತ ದರ್ಜೆಯ ಧರ್ಮಪಂಡಿತನಾಗಿರಬೇಕಿತ್ತು, ಅವರು ಆ ದರ್ಜೆಯವರಲ್ಲ. ಆಗಿನ ಸಂಸತ್ತಿನ ಸ್ಪೀಕರ್ ರಫ್ಸಂಜಾನಿ, ಒಪ್ಪಿಗೆ ಇದ್ದವರು ಎದ್ದು ನಿಲ್ಲಿ ಎನ್ನುತ್ತಾರೆ, ಹೆಚ್ಚಿನವರು ನಿಲ್ಲುತ್ತಾರೆ. ಖಮೇನಿ ನಾಯಕರಾದರು. ದರ್ಜೆಯ ಷರತ್ತನ್ನು ತೆಗೆದುಹಾಕಿದ ತಿದ್ದುಪಡಿಗೆ ಜನಮತ ಸಿಕ್ಕಿದ್ದು ಅದಾದ ಮೇಲೆ, ಜುಲೈನಲ್ಲಿ.

ಈಗ ನಿಮ್ಮ ಮೊದಲ ಪ್ರಶ್ನೆ. ಚುನಾವಣೆ ನಡೆಯುವುದು ನಿಜ. ಅಚ್ಚರಿಯ ಫಲಿತಾಂಶವೂ ಬಂದದ್ದಿದೆ. 1997ರಲ್ಲಿ ಸುಧಾರಣಾವಾದಿ ಖಾತಮಿ ಅಧ್ಯಕ್ಷರಾಗಿ ಗೆದ್ದದ್ದು ಹಾಗೇ. ಆದರೆ ಯಾರು ನಿಲ್ಲಬಹುದು ಎಂದು ಮೊದಲೇ ತೀರ್ಮಾನಿಸುವುದು 12 ಜನರ ರಕ್ಷಕ ಮಂಡಳಿ. ಅದರ ಆರು ಧರ್ಮಗುರುಗಳನ್ನು ನಾಯಕರೇ ನೇಮಿಸುತ್ತಾರೆ. ಉಳಿದ ಆರು ಕಾನೂನು ಪಂಡಿತರ ಹೆಸರು ಸೂಚಿಸುವವರು ನ್ಯಾಯಾಂಗದ ಮುಖ್ಯಸ್ಥರು, ಅವರನ್ನು ನೇಮಿಸುವವರೂ ನಾಯಕರೇ. ಸಂಸತ್ತಿಗೆ ಉಳಿಯುವುದು ಆ ಹೆಸರುಗಳಲ್ಲಿ ಆರಿಸುವ ಕೆಲಸ. ನಾಯಕರನ್ನು ಆರಿಸುವ, ಬೇಕಾದರೆ ಇಳಿಸುವ 88 ಜನರ ತಜ್ಞರ ಸಭೆಯನ್ನು ಜನ ಚುನಾಯಿಸುತ್ತಾರೆ. ಅದರ ಅಭ್ಯರ್ಥಿಗಳನ್ನು ಜರಡಿ ಹಿಡಿಯುವುದೂ ಇದೇ ಮಂಡಳಿ.

2021ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹೆಸರು ಕೊಟ್ಟವರು 592 ಮಂದಿ, ಮಂಡಳಿ ಒಪ್ಪಿದ್ದು 7 ಮಂದಿಯನ್ನು. ಆಗ ತಿರಸ್ಕೃತರಾದ ಪೆಜೆಶ್ಕಿಯಾನ್ 2024ರಲ್ಲಿ ಒಪ್ಪಿಗೆ ಪಡೆದು ಗೆದ್ದೇಬಿಟ್ಟರು. ಎಂಟು ವರ್ಷ ಅಧ್ಯಕ್ಷರಾಗಿದ್ದ ರಫ್ಸಂಜಾನಿಯನ್ನೇ 2013ರಲ್ಲಿ ಹೊರಗಿಟ್ಟಿದ್ದರು. ಹೆಂಗಸರು ಎಷ್ಟೋ ಸಲ ಹೆಸರು ಕೊಟ್ಟಿದ್ದಾರೆ. ಕ್ರಾಂತಿಯ ಮುಂದಾಳು ಆಯತೊಲ್ಲಾ ತಾಲೆಗಾನಿಯವರ ಮಗಳು ಆಜಂ ತಾಲೆಗಾನಿ 1997ರಿಂದ ಮತ್ತೆ ಮತ್ತೆ ಪ್ರಯತ್ನಿಸಿದರು. ಅಧ್ಯಕ್ಷ ಚುನಾವಣೆಗೆ ಇದುವರೆಗೆ ಒಬ್ಬ ಮಹಿಳೆಗೂ ಒಪ್ಪಿಗೆ ಸಿಕ್ಕಿಲ್ಲ. ಧರ್ಮಗುರುಗಳ ಆಡಳಿತ ಎಂದು ನಾವು ಬರೆದದ್ದು ಇದಕ್ಕೇ. 2024ರ ಮೊದಲ ಸುತ್ತಿನಲ್ಲಿ ಮತ ಹಾಕಿದವರು ಶೇ. 40ರಷ್ಟು ಮಾತ್ರ.

ಇನ್ನು ಸಂವಿಧಾನ ಬದಲಿಸುವ ಮಾತು. 1989ರಲ್ಲಿ ಸೇರಿಸಿದ 177ನೇ ವಿಧಿ ತಿದ್ದುಪಡಿಯ ದಾರಿ ಹೇಳುತ್ತದೆ. ಅದು ಶುರುವಾಗಬೇಕಾದದ್ದು ನಾಯಕರ ಆದೇಶದಿಂದಲೇ. ಧರ್ಮಪಂಡಿತನ ಆಳ್ವಿಕೆ ಎಂಬ ತತ್ವವನ್ನಂತೂ ಯಾವ ತಿದ್ದುಪಡಿಯೂ ಮುಟ್ಟುವಂತಿಲ್ಲ ಎಂದು ಅದೇ ವಿಧಿಯಲ್ಲಿ ಬರೆದಿದೆ.