ಓದುಗರ ಪ್ರಶ್ನೆ: ಜಾಕ್ ನಂಬಿ ಕಾರಿನ ಅಡಿಗೆ ಹೋಗಬಹುದಾ?

ಕಾರು ಎತ್ತುವ ವಿಷಯದಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ. ವೀಲ್ ನಟ್ ಯಾವಾಗ ಸಡಿಲ ಮಾಡಬೇಕು, ಸ್ಟೆಪ್ನಿ ಹೇಗೆ ಹಾಕಬೇಕು ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಮೊದಲು ಗೊತ್ತಿರುವವರ ಜೊತೆ ನಿಂತು ನೋಡಿ ಕಲಿಯಿರಿ.

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಕಾರಿನ ಸೈಲೆನ್ಸರ್ ತೂತಾಗಿದೆ. ನಾನೇ ಬಿಚ್ಚಿ ಹೊಸದು ಹಾಕೋಣ ಎಂದಿದ್ದೇನೆ. ಕಾರಿನ ಜೊತೆ ಬಂದ ಜಾಕ್ ಇದೆ. ಮನೆ ಕಟ್ಟಿ ಮಿಕ್ಕ ಸಿಮೆಂಟ್ ಬ್ಲಾಕ್‌ಗಳಿವೆ. ಗೋಡೆಯನ್ನೇ ಹೊರುವ ಬ್ಲಾಕ್ ಕಾರನ್ನು ಹೊರಲ್ವಾ?

ಉತ್ತರ: ಹೊರಲ್ಲ. ಗೋಡೆಯ ಭಾರ ಬ್ಲಾಕಿನ ಇಡೀ ಮೈ ಮೇಲೆ ಸಮನಾಗಿ ಕೂರುತ್ತದೆ, ನಡುವೆ ಗಾರೆಯೂ ಇರುತ್ತದೆ. ಕಾರಿನದು ಹಾಗಲ್ಲ. ಬಾಗಿಲ ಕೆಳಗಿನ ತೆಳು ತಗಡಿನ ಅಂಚು ಬ್ಲಾಕಿನ ಒಂದೇ ಗೆರೆಯ ಮೇಲೆ ಕೂರುತ್ತದೆ. ಸಣ್ಣ ಕಾರೇ 700ರಿಂದ 1000 ಕೆಜಿ ತೂಗುತ್ತದೆ. ಕಬ್ಬಿಣವಾದರೆ ಮುರಿಯುವ ಮುಂಚೆ ಬಾಗುತ್ತದೆ, ನಮಗೆ ಗೊತ್ತಾಗುತ್ತದೆ. ಸಿಮೆಂಟ್ ಬ್ಲಾಕ್, ಇಟ್ಟಿಗೆ, ಕಲ್ಲು ಬಾಗುವುದಿಲ್ಲ. ನಿಂತೇ ಇರುತ್ತವೆ, ಆಮೇಲೆ ಒಂದೇ ಸಲಕ್ಕೆ ಸೀಳುತ್ತವೆ. ತೂತಿನ ಬ್ಲಾಕ್ ಅಂತೂ ಬೇಡವೇ ಬೇಡ. 'ನೆನ್ನೆಯಿಂದ ನಿಂತಿದೆ ಸಾರ್, ಏನೂ ಆಗಿಲ್ಲ' ಎಂದು ಒಬ್ಬರು ಬರೆದಿದ್ದಾರೆ. ಅದರ ಅಡಿ ಮಲಗಿ ತುಕ್ಕು ಹಿಡಿದ ನಟ್‌ಗೆ ಸ್ಪ್ಯಾನರ್ ಹಾಕಿ ಎಳೆದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ. ನೀವು ಎಳೆಯುವುದು ಅಡ್ಡಕ್ಕೆ. ಬ್ಲಾಕ್ ನಿಂತಿರುವುದು ನೆಟ್ಟಗೆ.

ಜಾಕ್ ಕತೆಯೂ ಇದೇ. ಕಾರಿನ ಜೊತೆ ಕೊಡುವ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಪಾದ ಅಂಗೈಯಗಲ ಇರುತ್ತದೆ. ಕಾರು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಸರಿದರೆ ಸಾಕು, ಜಾಕ್ ವಾಲುತ್ತದೆ. ಬಾಟ್ಲಿ ಜಾಕ್, ಸಣ್ಣ ಚಕ್ರಗಳ ಮೇಲೆ ಉರುಳುವ ಟ್ರಾಲಿ ಜಾಕ್ ಗಟ್ಟಿ ಕಾಣುತ್ತವೆ, ಆದರೆ ಅವನ್ನು ಹಿಡಿದಿರುವುದು ಒಳಗಿನ ಆಯಿಲ್ ಮತ್ತು ರಬ್ಬರ್ ಸೀಲ್. ಸೀಲ್ ಹೋದರೆ ಕಾರು ಕೆಳಗೆ ಬರುತ್ತದೆ. ಜಾಕ್ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್ ಬೇಕು, ಅಂದರೆ ಎತ್ತಿದ ಕಾರಿನ ಅಡಿಗೆ ಕೊಡುವ ಕಬ್ಬಿಣದ ಕಾಲು. ಒಂದು ಹೊಸ ಟೈರಿನ ದುಡ್ಡಿಗೆ ಒಂದು ಜೊತೆ ಸ್ಟ್ಯಾಂಡ್ ಸಿಗುತ್ತದೆ. ಅದಕ್ಕೂ ದುಡ್ಡಿಲ್ಲ ಎಂದರೆ ಸೈಲೆನ್ಸರ್ ಕೆಲಸವನ್ನು ಗ್ಯಾರೇಜಿಗೇ ಬಿಡಿ. ಮೂಲೆಯ ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ಕತ್ತರಿಸಿ ಅರ್ಧ ಬೆಲೆಗೆ ಸ್ಟ್ಯಾಂಡ್ ಮಾಡಿಕೊಡುವವರಿದ್ದಾರೆ. ಅದು ಬೇಡ. ವೆಲ್ಡಿಂಗ್ ಒಳಗೆ ಹಿಡಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.

ಇನ್ನು ನೆಲ. ನಾಲೆ ನೀರು ಹರಿಯುವ ಕಡೆ ಅಂಗಳದ ಮಣ್ಣು ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಎತ್ತುವಾಗ ಗಟ್ಟಿ ಇದ್ದ ಜಾಗ ಅರ್ಧ ಗಂಟೆಗೆ ಕುಸಿಯಬಹುದು. ಮೈಸೂರಿನವರು ಮನೆ ಮುಂದಿನ ಚರಂಡಿ ಚಪ್ಪಡಿ ಮೇಲೆ ಜಾಕ್ ಇಡುತ್ತಾರೆ, ಅದೂ ತಪ್ಪು. ಕೆಳಗೆ ಟೊಳ್ಳು. ಇಂಟರ್‌ಲಾಕ್ ಟೈಲ್ಸ್ ಕೆಳಗೆ ಇರುವುದು ಬರೀ ಮರಳು. ಸಮತಟ್ಟಾದ ಕಾಂಕ್ರೀಟ್ ನೆಲ ಹುಡುಕಿ. ಪಾಂಡವಪುರದವರಿಗೆ ಊರಲ್ಲಿ ಒಂದು ಕಾಂಕ್ರೀಟ್ ಒಕ್ಕಣೆ ಕಣ ಸಿಕ್ಕರೆ, ಯಜಮಾನರನ್ನು ಕೇಳಿ ಅಲ್ಲೇ ಮಾಡಿ. ಮಣ್ಣಿನ ಮೇಲೆ ಸೈಲೆನ್ಸರ್ ಕೆಲಸಕ್ಕೆ ನಾನು ಒಪ್ಪುವುದಿಲ್ಲ.

ಜಾಸ್ತಿ ಜನ ಎಡವುವುದು ಹ್ಯಾಂಡ್‌ಬ್ರೇಕ್ ವಿಷಯದಲ್ಲಿ. ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ನಿಮ್ಮ ಸೈಲೆನ್ಸರ್ ಇರುವುದು ಹಿಂದೆ, ನೀವು ಎತ್ತುವುದೂ ಹಿಂಭಾಗವನ್ನು. ಎರಡೂ ಹಿಂದಿನ ಚಕ್ರ ಗಾಳಿಯಲ್ಲಿದ್ದ ಮೇಲೆ ಹ್ಯಾಂಡ್‌ಬ್ರೇಕ್ ಏನನ್ನು ಹಿಡಿದೀತು? 'ಗೇರ್‌ನಲ್ಲಿ ಬಿಟ್ಟಿದ್ದೀನಲ್ಲ' ಎನ್ನುತ್ತೀರಿ. ಮುಂದಿನ ಚಕ್ರಕ್ಕೆ ಎಳೆತ ಇರುವ ಕಾರಿನಲ್ಲಿ ಮುಂದಿನ ಎರಡೂ ಚಕ್ರ ನೆಲದ ಮೇಲಿದ್ದರೆ ಗೇರ್ ಅಷ್ಟಿಷ್ಟು ಹಿಡಿಯುತ್ತದೆ. ಅದೇ ಕಾರಿನ ಮುಂದಿನ ಒಂದು ಚಕ್ರ ಎತ್ತಿದರೆ ಅದೂ ಇಲ್ಲ. ಎರಡೂ ಕಡೆಯ ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗಲು ಬಿಡುತ್ತದೆ, ನೆಲದ ಮೇಲಿನ ಚಕ್ರ ಆರಾಮಾಗಿ ಮುಂದಕ್ಕೆ ಉರುಳುತ್ತದೆ. ಅದಕ್ಕೇ ಗೇರ್ ಹಾಕಿ, ಹ್ಯಾಂಡ್‌ಬ್ರೇಕೂ ಎಳೆಯಿರಿ, ಆದರೆ ನಂಬುವುದು ಮಾತ್ರ ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕೊಟ್ಟ ಅಡ್ಡವನ್ನು. ದಪ್ಪ ಮರದ ತುಂಡು ಆಗುತ್ತದೆ. ಗುಂಡುಕಲ್ಲು ಆಗಲ್ಲ, ಜಾರುತ್ತದೆ.

ಜಾಕ್ ಮತ್ತು ಸ್ಟ್ಯಾಂಡ್ ಎರಡನ್ನೂ ಬಾಗಿಲ ಕೆಳಗಿನ ಒಂದೇ ಜಾಗಕ್ಕೆ ಕೊಡಲು ಆಗುವುದಿಲ್ಲ. ಹಾಗಾಗಿ ಟ್ರಾಲಿ ಜಾಕ್ ತನ್ನಿ, ಬಾಡಿಗೆಗೆ ಆದರೂ ಸರಿ. ಹಿಂದೆ ಅದನ್ನು ಎಲ್ಲಿಗೆ ಕೊಡಬೇಕು ಎಂದು ನಿಮ್ಮ ಕಾರಿನ ಪುಸ್ತಕದಲ್ಲಿ ಇರುತ್ತದೆ. ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲ್ ಬೀಮ್‌ಗೆ, ಅಂದರೆ ಎರಡು ಹಿಂದಿನ ಚಕ್ರಗಳ ನಡುವಿನ ಅಡ್ಡ ತೊಲೆಗೆ, ಕೊಡಲೇಬಾರದು. ಸ್ಟ್ಯಾಂಡ್‌ಗಳನ್ನು ಎರಡೂ ಕಡೆ ಬಾಗಿಲ ಕೆಳಗೆ ಗುರುತಿರುವ ಜಾಗಕ್ಕೇ ಕೊಡಿ. ಕಾರಿನ ತಳದ ತಗಡಿಗಲ್ಲ, ಪೆಟ್ರೋಲ್ ಟ್ಯಾಂಕಿಗಂತೂ ಅಲ್ಲವೇ ಅಲ್ಲ. ನಿಧಾನಕ್ಕೆ ಜಾಕ್ ಇಳಿಸಿ ಭಾರ ಪೂರ್ತಿ ಸ್ಟ್ಯಾಂಡ್ ಮೇಲೆ ಕೂರಲಿ. ಆಮೇಲೆ ಹೊರಗೆ ನಿಂತು ಕಾರನ್ನು ಜೋರಾಗಿ ಅಲ್ಲಾಡಿಸಿ. ಬೀಳುವುದಾದರೆ ಆಗಲೇ ಬೀಳಲಿ. ಅಲ್ಲಾಡದಿದ್ದರೆ ಸ್ಟೆಪ್ನಿಯನ್ನು ಕಾರಿನ ಅಂಚಿನ ಅಡಿಗೆ ಮಲಗಿಸಿ ತಳ್ಳಿ. ಎಲ್ಲ ಕೈ ಕೊಟ್ಟರೂ ನೆಲಕ್ಕೂ ಕಾರಿಗೂ ನಡುವೆ ಅಷ್ಟು ಜಾಗ ಉಳಿಯುತ್ತದೆ. ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹಾಕಿಡಿ, ಮೈಬಲ ಹಾಕಿ ಎಳೆಯುವುದು ತಪ್ಪುತ್ತದೆ. ಮನೆಯಲ್ಲಿ ದೊಡ್ಡವರೊಬ್ಬರು ಹತ್ತಿರದಲ್ಲೇ ಇರಲಿ. ಒಬ್ಬರೇ ಇದ್ದಾಗ ಈ ಕೆಲಸ ಮಾಡಬೇಡಿ.

ಪ್ರಶ್ನೆ: ತೆಂಗಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಕಾರಿನ ಮುಂಭಾಗ ಎತ್ತಬಹುದಾ? ಊರಲ್ಲಿ ಒಬ್ಬರು ಮೆಕ್ಯಾನಿಕ್ ಹೀಗೇ ಮಾಡುತ್ತಾರೆ. (ಮದ್ದೂರು)

ಉತ್ತರ: ಬೇಡ. ಆ ಮೆಕ್ಯಾನಿಕ್ ಹತ್ತಿರ ಕಾರೂ ಬಿಡಬೇಡಿ.

ಪ್ರಶ್ನೆ: ಸಣ್ಣ ಕಾಲುವೆಯ ಎರಡು ದಡಕ್ಕೆ ಚಕ್ರ ನಿಲ್ಲಿಸಿ, ಕೆಳಗೆ ಇಳಿದು ಆಯಿಲ್ ಬದಲಿಸುತ್ತೇವೆ. ಜಾಕೇ ಬೇಡ. ಸರಿ ತಾನೇ? (ಮಳವಳ್ಳಿ)

ಉತ್ತರ: ದಡ ಕುಸಿದರೆ ಓಡಲು ಜಾಗ ಎಲ್ಲಿದೆ? ಜೊತೆಗೆ ಕಪ್ಪು ಆಯಿಲ್ ಪಕ್ಕದವರ ಗದ್ದೆಗೆ ಹರಿಯುತ್ತದೆ. ಚಕ್ರ ಹತ್ತಿಸಿ ನಿಲ್ಲಿಸುವ ಕಬ್ಬಿಣದ ಇಳಿಜಾರು, ಅಂದರೆ ರ‍್ಯಾಂಪ್, ಒಂದು ಜೊತೆ ತಗೊಳ್ಳಿ.

ಪ್ರಶ್ನೆ: ಬಾಟ್ಲಿ ಜಾಕ್ ಇಳಿದು ಹೋಗುತ್ತಿದೆ. ಮನೆಯಲ್ಲಿ ಬ್ರೇಕ್ ಆಯಿಲ್ ಮಿಕ್ಕಿದೆ, ತುಂಬಬಹುದಾ? (ಕುವೆಂಪುನಗರ, ಮೈಸೂರು)

ಉತ್ತರ: ಬ್ರೇಕ್ ಆಯಿಲ್ ಹಾಕಿದರೆ ಜಾಕಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ. ಜಾಕಿಗೆ ಹೈಡ್ರಾಲಿಕ್ ಆಯಿಲ್ ಮಾತ್ರ. ಅದನ್ನು ಹಾಕಿದ ಮೇಲೂ ಇಳಿಯುತ್ತಿದ್ದರೆ ಸೀಲ್ ಹೋಗಿದೆ. ಸೀಲ್ ಹಾಕಿಸಿ, ಇಲ್ಲವೇ ಗುಜರಿಗೆ ಹಾಕಿ. ಹಾಕುವ ಮುಂಚೆ ಹಿಡಿ ಮುರಿದು ಹಾಕಿ, ಇನ್ನೊಬ್ಬರು ತಂದು ಕಾರಿನ ಅಡಿ ಇಡದಿರಲಿ.