ಲೋಗೋ ಇರಲಿ, ಮೊದಲು ಹೆಸರು ಹೇಳಿ

ವಿಶ್ವವಿದ್ಯಾಲಯದ ಯಾವುದಾದರೂ ಸಂಶೋಧನಾ ಯೋಜನೆಗೆ ದುಡ್ಡು ಮಂಜೂರಾದರೆ ಸಾಕು, ನಮ್ಮಂಥ ವಿನ್ಯಾಸಗಾರರಿಗೆ ಫೋನ್ ಬರುತ್ತದೆ. ‘ಉದ್ಘಾಟನೆ ಶುಕ್ರವಾರ, ಲೋಗೋ ಗುರುವಾರ ಬೇಕು.’ ಪ್ರಶ್ನೆಗಳೂ ಅವೇ. ಒಂದೇ ಸಲ ಹೇಳಿಬಿಡುತ್ತೇನೆ. ವೆಕ್ಟರ್ ಫೈಲ್ ಅಂದರೇನು ಅಂತ ಮಾತ್ರ ಕೇಳಬೇಡಿ, ಅದನ್ನು ಫ್ಲೆಕ್ಸ್ ಅಂಗಡಿಯವರೇ ಹೇಳುತ್ತಾರೆ.

ಪ್ರಶ್ನೆ: ನಾಲ್ಕು ವಿಭಾಗ ಸೇರಿ ಕೆರೆಗಳ ಬಗ್ಗೆ ಸಂಶೋಧನಾ ಕೇಂದ್ರ ಶುರು ಮಾಡಿದ್ದೇವೆ. ವಿ.ವಿ. ಲಾಂಛನ ಹಳೇಕಾಲದ್ದು. ನಮಗೆ ಬೇರೆ ಲೋಗೋ ಬೇಡವೇ? ಅದರಲ್ಲಿ ಭೂಗೋಳ, ಬಲ್ಬ್, ಹನಿ ಮೂರೂ ಇರಬೇಕು ಅಂತ ನಿರ್ದೇಶಕರ ಆಸೆ.

ಮೂರೂ ಬೇಡ. ಭೂಗೋಳ, ಬಲ್ಬ್ ಇಲ್ಲದ ಸಂಶೋಧನಾ ಕೇಂದ್ರವನ್ನು ಹುಡುಕಿ ನೋಡಿ, ಸುಸ್ತಾಗುತ್ತೀರಿ.

ಹಳೇ ಲಾಂಛನದ ಮೇಲೆ ಮುನಿಸೇಕೆ? ನಿಮ್ಮ ಕೇಂದ್ರ ಹುಟ್ಟಿ ಇನ್ನೂ ವರ್ಷವಾಗಿಲ್ಲ. ಊರಿನವರು ನಿಮ್ಮನ್ನು ಕೆರೆಗೆ ಇಳಿಯಲು ಬಿಡುವುದು ವಿ.ವಿ. ಹೆಸರು ನೋಡಿ. ಲಾಂಛನದ ಮೇಲೆ ಜನಕ್ಕೆ ಎಷ್ಟು ಪ್ರೀತಿ ಇರುತ್ತದೆ ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 2012ರಲ್ಲಿ ಗೊತ್ತಾಯಿತು. ಅವರು ಹೊಸ ಲೋಗೋ ತಂದರು. ಹಳೇ ಮುದ್ರೆಯನ್ನು ತೆಗೆಯುವುದಿಲ್ಲ ಅಂದರೂ ಯಾರೂ ಕೇಳಲಿಲ್ಲ. ವಿರೋಧದ ಮನವಿಗೆ 50,000ಕ್ಕೂ ಜಾಸ್ತಿ ಸಹಿ ಬಿದ್ದವು. ಡಿಸೆಂಬರ್‌ನಲ್ಲಿ ಲೋಗೋ ವಾಪಸ್.

ಹಾಗಂತ ಕೇಂದ್ರಕ್ಕೆ ತನ್ನದೇ ಗುರುತು ಇರಬಾರದು ಅಂತಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಮೀಡಿಯಾ ಲ್ಯಾಬ್ ನೋಡಿ. 2011ರಲ್ಲಿ ಅವರು ಕಂಪ್ಯೂಟರಿನಿಂದ 40,000 ರೂಪ ತಾಳುವ ಲೋಗೋ ಮಾಡಿಸಿದರು. ನೋಡಲು ಸೊಗಸು. ಆದರೆ ಅಷ್ಟು ರೂಪದಲ್ಲಿ ಲ್ಯಾಬಿನದು ಯಾವುದು ಅಂತ ಜನ ನೆನಪಿಟ್ಟುಕೊಳ್ಳುವುದು ಹೇಗೆ? 2014ರಲ್ಲಿ ಪೆಂಟಾಗ್ರಾಂ ಎಂಬ ವಿನ್ಯಾಸ ಸಂಸ್ಥೆ ಅಡ್ಡಕ್ಕೆ ಏಳು, ಉದ್ದಕ್ಕೆ ಏಳು ಮನೆಗಳ ಚೌಕಟ್ಟು ಹಾಕಿತು. ಲ್ಯಾಬಿನ ಗುರುತು ಅದರೊಳಗೇ, ಒಳಗಿನ 23 ಸಂಶೋಧನಾ ಗುಂಪುಗಳ ಗುರುತೂ ಅದರೊಳಗೇ. ಬೇರೆ ಬೇರೆಯಾಗಿಯೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ನಿಮ್ಮ ನಾಲ್ಕು ವಿಭಾಗದವರೂ ತಂತಮ್ಮ ಗುರುತು ಬೇಕು ಅಂತ ಜಗಳ ತೆಗೆದರೆ ಇದೇ ಮದ್ದು.

ಆದರೆ ಅದಕ್ಕೂ ಮೊದಲು ಹೆಸರು. ನೀವು ಕಳಿಸಿದ ಹೆಸರಿನಲ್ಲಿ ಒಂಬತ್ತು ಪದಗಳಿವೆ, ಜೊತೆಗೆ ಎಳೆದು ತಂದ ಇಂಗ್ಲಿಷ್ ಮೊದಲಕ್ಷರಗಳು. ಅದನ್ನು ಫೋನಿನಲ್ಲಿ ಕೆರೆ ಸಂಘದ ಅಧ್ಯಕ್ಷರಿಗೆ ಹೇಳಿ ನೋಡಿ. ‘ಏನಂದ್ರಿ?’ ಅಂತ ಕೇಳಿದರೆ ಬದಲಾಯಿಸಿ. ಎರಡು ಮೂರು ಪದ ಸಾಕು. ಒಳ್ಳೆಯ ಅಕ್ಷರದಲ್ಲಿ ಬರೆದ ಹೆಸರು, ಅದರ ಪಕ್ಕ ವಿ.ವಿ. ಲಾಂಛನ. ಎಷ್ಟೋ ಕೇಂದ್ರಗಳಿಗೆ ಇದಕ್ಕಿಂತ ಬೇರೆ ಲೋಗೋ ಬೇಕಾಗುವುದೇ ಇಲ್ಲ. ಹೀಗಂದರೆ ನನಗೆ ಫೀಸು ಕಮ್ಮಿ, ಇರಲಿ.

ಅಕ್ಷರ ಅಂದೆನಲ್ಲ, ಅಲ್ಲೇ ಎಡವುವವರು ಜಾಸ್ತಿ. ‘ಸಂಶೋಧನಾ ಕೇಂದ್ರ’ ಅಂತ ಬರೆದರೆ ದ್ರ ಅಕ್ಷರದ ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಹಾಕಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಟ್ಟರೆ ಆ ಒತ್ತು ಕೆಳಗಿನ ಸಾಲಿನ ‘ವಿ’ಯ ಗುಡಿಸಿಗೆ ಹೋಗಿ ಗುದ್ದುತ್ತದೆ. ಸಮ್ಮೇಳನದ ಪೋಸ್ಟರಿನ ತಳದಲ್ಲಿ ಹತ್ತು ಲೋಗೋಗಳ ಸಾಲಿನಲ್ಲಿ ನಿಮ್ಮದು ಉಗುರಿನಷ್ಟೇ ಇರುತ್ತದೆ. ಅಷ್ಟು ಚಿಕ್ಕದರಲ್ಲಿ ಒತ್ತು ಬರೀ ಮಸಿ ಚುಕ್ಕೆ. ಹಾಗಾಗಿ ಆ ಅಳತೆಯಲ್ಲೇ ಪ್ರಿಂಟ್ ತೆಗೆದು, ಒಮ್ಮೆ ಜೆರಾಕ್ಸ್ ಮಾಡಿಸಿ ಓದಿ. ಫಾಂಟಿಗೆ ದುಡ್ಡು ಸುರಿಯಬೇಕಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ, ಯೂನಿಕೋಡ್, ಅಂದರೆ ಬೇರೆಯವರ ಕಂಪ್ಯೂಟರ್, ಫೋನಿನಲ್ಲೂ ಕನ್ನಡವಾಗಿಯೇ ಕಾಣುವಂಥವು. ಹಳೇ ಯೂನಿಕೋಡೇತರ ಫಾಂಟಿನಲ್ಲಿ ಟೈಪ್ ಮಾಡಿ ವೆಬ್‌ಸೈಟಿಗೆ ಅಂಟಿಸಬೇಡಿ. ಅದು ಯಾರಿಗೂ ಅರ್ಥವಾಗದ ಲಿಪಿಯಾಗುತ್ತದೆ.

ಕೊನೆಗೆ ಪಿಪಿಟಿ. ನಿಮ್ಮ ಗುರುತನ್ನು ಜನ ಜಾಸ್ತಿ ನೋಡುವುದು ಅಲ್ಲೇ. ಪಿಪಿಟಿಗೊಂದು, ಪೋಸ್ಟರಿಗೊಂದು ಮಾದರಿ ಮಾಡಿಸಿ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಕೊಡಿ. ಇಲ್ಲವಾದರೆ ಅವರು ಲೋಗೋವನ್ನು ಅಡ್ಡಡ್ಡ ಎಳೆದು ದಪ್ಪ ಮಾಡುತ್ತಾರೆ. ಖಂಡಿತ ಮಾಡುತ್ತಾರೆ.

ಪ್ರಶ್ನೆ: ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಇನ್ನೊಂದು ‘ಎ’ ಸೇರಿಸಿದರೆ ಅನುದಾನ ಬೇಗ ಬರುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞರು ಹೇಳಿದ್ದಾರೆ.

ಅವರ ಫೀಸು ಬೇಗ ಬಂದಿದೆ, ಅಷ್ಟೇ. ವಿಜ್ಞಾನದ ಕೇಂದ್ರ ನಡೆಸುವವರು ಕೇಳುವ ಪ್ರಶ್ನೆಯೇ ಇದು?

ಪ್ರಶ್ನೆ: ನೀಲಿ ಬಣ್ಣ ನೋಡಿದರೆ ನಂಬಿಕೆ ಹುಟ್ಟುತ್ತದೆಯಂತೆ, ಹೌದೇ?

ಇದು ಸೂಟು ಹಾಕಿದ ಸಂಖ್ಯಾಶಾಸ್ತ್ರ. ಬಿಳಿ ಹಾಳೆಯ ಮೇಲೆ ಸರಿಯಾಗಿ ಕಾಣುವ ಬಣ್ಣ ಆರಿಸಿ, ಮುಂದೆ ಹೋಗಿ.

ಪ್ರಶ್ನೆ: ನಮ್ಮದು ಸರ್ಕಾರಿ ವಿ.ವಿ. ನಾಲ್ಕು ಸಿಂಹ ಹಾಕಿಕೊಳ್ಳಬಹುದಾ?

ಸುಮ್ನೆ ಮೈಮೇಲೆ ಎಳೆದುಕೊಳ್ಳಬೇಡಿ. ರಾಷ್ಟ್ರ ಲಾಂಛನದ ದುರ್ಬಳಕೆಗೆ 2005ರ ಕಾಯ್ದೆಯಡಿ ಜೈಲು ಶಿಕ್ಷೆಯೂ ಇದೆ.

ಪ್ರಶ್ನೆ: ವಿದ್ಯಾರ್ಥಿಗಳಿಗೆ ಲೋಗೋ ಸ್ಪರ್ಧೆ ಇಟ್ಟರೆ ಖರ್ಚು ಉಳಿಯುತ್ತದಲ್ಲವೇ?

ಐವತ್ತು ಮಕ್ಕಳ ಕೈಲಿ ಬಿಟ್ಟಿ ಕೆಲಸ ಮಾಡಿಸಿ ಒಬ್ಬರಿಗೆ ಶಾಲು ಹೊದಿಸುವುದು ನನಗೆ ಹಿಡಿಸಲ್ಲ. ಇಟ್ಟೇ ಇಡುತ್ತೀರಿ ಅಂದರೆ, ಗೆದ್ದವರಿಗೆ ಸರಿಯಾದ ಹಣ ಕೊಟ್ಟು ಹಕ್ಕನ್ನು ಬರವಣಿಗೆಯಲ್ಲಿ ಪಡೆಯಿರಿ. ಕಾಪಿರೈಟ್ ಬಾಯಿಮಾತಿನಲ್ಲಿ ವರ್ಗವಾಗುವುದಿಲ್ಲ.

ಪ್ರಶ್ನೆ: ಟ್ರೇಡ್‌ಮಾರ್ಕ್ ಮಾಡಿಸಬೇಕಾ?

ಮಾಡಿಸಿ. ಯಾವ ಬಗೆಯ ಸೇವೆ ಅಂತ ಅರ್ಜಿಯಲ್ಲಿ ವರ್ಗ ಹೇಳಬೇಕು: ಶಿಕ್ಷಣ 41ನೇ ವರ್ಗ, ವೈಜ್ಞಾನಿಕ ಸಂಶೋಧನೆ 42. ಅರ್ಜಿ ವಿ.ವಿ. ಹೆಸರಿನಲ್ಲಿ ಹೋಗಲಿ, ನಿರ್ದೇಶಕರ ಹೆಸರಿನಲ್ಲಿ ಬೇಡ. ಅವರು ನಿವೃತ್ತರಾಗುತ್ತಾರೆ.