ಬ್ಯಾಂಕಿನ ಲಕೋಟೆ ಸತ್ಯವೇದದೊಳಗೆ ಇಟ್ಟರೆ ಸಾಕಾ?

ಪ್ರಶ್ನೆ: ಅಕ್ಕ, ನನಗೆ 39 ವರ್ಷ, ಬೆಂಗಳೂರಲ್ಲಿ ಇದೀವಿ. ನಮ್ಮನೆಯವರು ಪೀಣ್ಯದಲ್ಲಿ ಒಂದು ಮಷಿನ್ ಶಾಪಲ್ಲಿ ಸೂಪರ್‌ವೈಸರ್ ಆಗಿದ್ರು, ನಾಲ್ಕು ತಿಂಗಳ ಹಿಂದೆ ಅದು ಮುಚ್ಚಿಹೋಯ್ತು. ನಾನು ಸಣ್ಣ ಶಾಲೆಯೊಂದರಲ್ಲಿ ಟೀಚರ್, ನನ್ನ ಸಂಬಳ ಮನೆ ಖರ್ಚಿಗೇ ಸಾಲಲ್ಲ. ಮಗಳು ಸೆಕೆಂಡ್ ಪಿಯುಸಿ. ಹೋಮ್ ಲೋನ್ ಕಂತು ಎರಡು ತಿಂಗಳಿಂದ ಕಟ್ಟಿಲ್ಲ. ಬ್ಯಾಂಕಿಂದ ಬರೋ ಲೆಟರ್‌ನ ಇವರು ಒಡೆಯದೇನೇ ಸತ್ಯವೇದದೊಳಗೆ ಇಟ್ಟುಬಿಡ್ತಾರೆ, "ಕರ್ತನ ಕೈಗೆ ಕೊಟ್ಟಾಯ್ತು, ಇನ್ನು ಚಿಂತೆ ಮಾಡಿದ್ರೆ ಅದು ಅವಿಶ್ವಾಸ" ಅಂತಾರೆ. ನನಗೆ ದಿನಾ ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ, ಎದೆ ಡವಡವ ಹೊಡ್ಕೊಳ್ಳುತ್ತೆ, ಫೋನಲ್ಲಿ ಲೆಕ್ಕ ಹಾಕ್ತಾ ಕೂತ್ಕೋತೀನಿ. ಮಹಿಳಾ ಕೂಟದಲ್ಲಿ ಒಬ್ಬರ ಹತ್ರ ಸ್ವಲ್ಪ ಹೇಳ್ಕೊಂಡೆ, "ನಿಮ್ಮ ನಂಬಿಕೆ ಸಾಲದು ಸಿಸ್ಟರ್" ಅಂದುಬಿಟ್ರು, ಆಮೇಲೆ ಯಾರಿಗೂ ಹೇಳಿಲ್ಲ. ಹೋದ ತಿಂಗಳು ಇವರಿಗೆ ಗೊತ್ತಾಗದ ಹಾಗೆ ಲೋನ್ ಆ್ಯಪ್ ಒಂದರಲ್ಲಿ 20 ಸಾವಿರ ತಗೊಂಡೆ. ಕರ್ತನ ಭೋಜನಕ್ಕೆ ಎದ್ದು ಹೋಗೋಕೂ ಭಯ ಆಗುತ್ತೆ. ನನ್ನ ಚಿಂತೆ ಪಾಪನಾ ಅಕ್ಕ? ನಂಬೋದು ಅಂದ್ರೆ ಹೇಗೆ?
(ಹೆಸರು ಬೇಡ)

ಪ್ರೀತಿಯ ತಂಗಿ,

ನಿಮ್ಮ ಪತ್ರ ಮೂರು ಸಲ ಓದಿದೆ. ಮೊದಲು ನಿಮ್ಮ ಕೊನೇ ಪ್ರಶ್ನೆಗೇ ಬರ್ತೀನಿ, ಯಾಕಂದ್ರೆ ಅದು ನಿಮ್ಮನ್ನ ಸಾಲಕ್ಕಿಂತ ಜಾಸ್ತಿ ತಿಂತಾ ಇದೆ. ಮನೆ ಕೈ ಬಿಟ್ಟು ಹೋಗುತ್ತೇನೋ ಅಂತ ರಾತ್ರಿ ಮೂರಕ್ಕೆ ಎದೆ ಹೊಡ್ಕೊಳ್ಳೋದು ಪಾಪ ಅಲ್ಲಮ್ಮ. ಫಿಲಿಪ್ಪಿಯವರಿಗೆ "ಯಾವುದಕ್ಕೂ ಚಿಂತೆ ಮಾಡಬೇಡಿ" ಅಂತ ಜೈಲಿಂದ ಬರೆದ ಪೌಲನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ ತನ್ನ ಕಷ್ಟಗಳನ್ನೆಲ್ಲ ಹೇಳ್ಕೊಂಡು, ಹಡಗು ಒಡೆದಿದ್ದು, ಏಟು ತಿಂದಿದ್ದು, ಹಸಿವು, ಚಳಿ ಎಲ್ಲ ಆದಮೇಲೆ, ಇದೆಲ್ಲ ಸಾಲದು ಅಂತ ಎಲ್ಲಾ ಸಭೆಗಳ ಚಿಂತೆ ದಿನಾ ನನ್ನ ಮೇಲಿದೆ ಅಂತಾನೆ. ಗ್ರೀಕಲ್ಲಿ ಎರಡೂ ಕಡೆ ಒಂದೇ ಮೂಲದ ಪದ. ಪೌಲನ ನಂಬಿಕೆ ಸಾಲದು ಅಂತ ಯಾರಾದ್ರೂ ಅಂತಾರಾ? ಪೇತ್ರನೂ ಅಷ್ಟೇ, ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅಂತ ಬರೀತಾನೆ, ಹಾಕಬೇಕಾದ್ರೆ ಚಿಂತೆ ಅನ್ನೋದು ಇರಲೇಬೇಕಲ್ವಾ, ಇಲ್ಲದೇ ಇರೋರಿಗೆ ಆ ಮಾತು ಯಾಕೆ ಬೇಕು. ಹಾಗಾಗಿ ಮುಂದಿನ ಸಲ ಕರ್ತನ ಭೋಜನ ಇದ್ದ ದಿನ ಎದ್ದು ಹೋಗಿ. ಆ ರೊಟ್ಟಿ ಮುರಿದ ರಾತ್ರೀನೇ ಯೇಸುಸ್ವಾಮಿ ಗೆತ್ಸೇಮನೆಯಲ್ಲಿ ನನ್ನ ಪ್ರಾಣ ಸಾಯೋಷ್ಟು ದುಃಖಪಡ್ತಿದೆ ಅಂದಿದ್ದು, ಮೂರು ಜನ ಶಿಷ್ಯರನ್ನ ಪಕ್ಕದಲ್ಲಿ ಇರಿ ಅಂತ ಕೇಳ್ಕೊಂಡಿದ್ದು. ನಿಮ್ಮಂಥೋರಿಗೆ ಆ ಮೇಜಿನಿಂದ ಯಾರೂ ದೂರ ಹೋಗಿ ಅಂದಿಲ್ಲ.

ಇನ್ನು ಆ ಲಕೋಟೆ ವಿಷಯ.

ನಿಮ್ಮ ಯಜಮಾನ್ರು ಬ್ಯಾಂಕಿನ ಕಾಗದ ತಗೊಂಡು ಹೋಗಿ ಸತ್ಯವೇದದೊಳಗೆ ಇಡ್ತಾರೆ ಅಂತ ಓದಿದ ತಕ್ಷಣ ನನಗೆ ಯೆಹೂದದ ಅರಸ ಹಿಜ್ಕೀಯ ನೆನಪಾದ. ಅವನೂ ಹೆಚ್ಚು ಕಮ್ಮಿ ಇದನ್ನೇ ಮಾಡಿದ, ಆದರೆ ಒಂದು ವ್ಯತ್ಯಾಸ ಇದೆ. ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಕೋಟೆ ಊರುಗಳನ್ನೆಲ್ಲ ಹಿಡ್ಕೊಂಡು, ಕ್ರಿಸ್ತಪೂರ್ವ 701ರ ಸುಮಾರಿಗೆ ಯೆರೂಸಲೇಮಿಗೆ ಬೆದರಿಕೆ ಪತ್ರ ಕಳಿಸ್ತಾನೆ, ನಿನ್ನ ದೇವರು ನಿನ್ನನ್ನ ಕಾಪಾಡ್ತಾನೆ ಅಂತ ಮೋಸ ಹೋಗಬೇಡ ಅಂತ. 2 ಅರಸುಗಳು 19ನೇ ಅಧ್ಯಾಯ 14ನೇ ವಚನ ತೆಗೆದು ನೋಡಿ. ಹಿಜ್ಕೀಯ ದೂತರ ಕೈಯಿಂದ ಆ ಪತ್ರ ಈಸ್ಕೊಂಡ, ಓದಿದ, ಆಮೇಲೆ ದೇವಾಲಯಕ್ಕೆ ಹೋಗಿ ಅದನ್ನ ಕರ್ತನ ಮುಂದೆ ಹರಡಿದ. ಓದಿ ಆದಮೇಲೆ ಹರಡಿದ್ದು. ಅದರಲ್ಲಿ ಏನಿದೆ ಅಂತ ಅವನಿಗೆ ಒಂದೊಂದು ಸಾಲೂ ಗೊತ್ತಿತ್ತು, ಅದಕ್ಕೇ ಅವನ ಪ್ರಾರ್ಥನೆ ಕೂಡ ಸುಮ್ನೆ ಎಲ್ಲಾ ನೋಡ್ಕೋ ಸ್ವಾಮಿ ಅನ್ನೋ ಥರ ಇಲ್ಲ, ಸನ್ಹೇರೀಬ ಹೇಳಿರೋ ಮಾತು ಕೇಳು, ಅಶ್ಶೂರದವರು ದೇಶಗಳನ್ನ ಹಾಳುಮಾಡಿರೋದು ನಿಜ ಅಂತ ವಿಷಯ ಹಿಡಿದು ಮಾತಾಡ್ತಾನೆ.

ಅವನು ಅಷ್ಟೇ ಮಾಡಿ ಸುಮ್ಮನೆ ಕೂತಿರಲಿಲ್ಲ ತಂಗಿ. 2 ಪೂರ್ವಕಾಲವೃತ್ತಾಂತ 32ರಲ್ಲಿ ಇದೆ, ಶತ್ರು ಬರ್ತಿದಾನೆ ಅಂತ ಗೊತ್ತಾದ ಕೂಡಲೇ ಅಧಿಕಾರಿಗಳನ್ನ ಕೂರಿಸ್ಕೊಂಡು ಆಲೋಚನೆ ಮಾಡಿ ಊರಾಚೆ ಬುಗ್ಗೆಗಳನ್ನ ಮುಚ್ಚಿಸಿದ, ಬಿದ್ದ ಗೋಡೆ ಕಟ್ಟಿಸಿದ, ಆಯುಧ ಗುರಾಣಿ ಮಾಡಿಸಿದ. ಗಿಹೋನ್ ಬುಗ್ಗೆಯ ನೀರನ್ನ ಬಂಡೆ ಕೊರೆದು ಊರೊಳಗೆ ತಂದ ಸುರಂಗ ಈಗಲೂ ಯೆರೂಸಲೇಮಲ್ಲಿ ಇದೆ, 500 ಮೀಟರಿಗೂ ಉದ್ದ, ಹೋಲಿ ಲ್ಯಾಂಡ್ ಟೂರ್ ಹೋದವರು ಮೊಣಕಾಲು ನೀರಲ್ಲಿ ನಡ್ಕೊಂಡು ಹೋಗಿ ಬಂದು ಕಥೆ ಹೇಳ್ತಾರೆ. ಅಷ್ಟು ಕಲ್ಲು ಕೊರೆಸಿದ ಮನುಷ್ಯನೇ ಜನರನ್ನ ಸೇರಿಸಿ, ಅವರ ಹತ್ರ ಇರೋದು ಬರೀ ಮಾಂಸದ ತೋಳು, ನಮ್ಮ ಜೊತೆ ನಮ್ಮ ದೇವರಾದ ಕರ್ತನಿದ್ದಾನೆ ಅಂದಿದ್ದು. ಸುರಂಗ ಕೊರೆಸಿದ್ದಕ್ಕೆ ದೇವರು ಅವನ ಮೇಲೆ ಬೇಜಾರು ಮಾಡ್ಕೊಂಡ ಅಂತ ಆ ಅಧ್ಯಾಯದಲ್ಲಿ ಎಲ್ಲೂ ಬರೆದಿಲ್ಲ.

ಹಾಗಂತ ಇವತ್ತು ರಾತ್ರಿ ಇದನ್ನೇ ಹಿಡ್ಕೊಂಡು ಯಜಮಾನ್ರ ಜೊತೆ ಜಗಳಕ್ಕೆ ಹೋಗಬೇಡಿ. ಅವರು ಬೇಜವಾಬ್ದಾರಿ ಮನುಷ್ಯ ಅಂತ ನನಗೆ ಅನಿಸ್ತಿಲ್ಲ. ಅಷ್ಟು ವರ್ಷ ಬೆಳಗ್ಗೆ ಟಿಫನ್ ಕ್ಯಾರಿಯರ್ ಹಿಡಿದು ಹೊರಟ ಗಂಡಸು ನಾಲ್ಕು ತಿಂಗಳಿಂದ ಮನೇಲಿ ಕೂತಿದಾರೆ, ಹೆಂಡತಿ ಸಂಬಳದಲ್ಲಿ ಊಟ ಆಗ್ತಿದೆ, ಆ ಲಕೋಟೆ ಒಡೆದರೆ ಒಳಗೆ ತನ್ನ ಸೋಲೇ ಬರೆದಿರುತ್ತೆ ಅನ್ನೋ ಭಯ ಇರಬಹುದು. ದೇವರ ಮೇಲಿನ ಭರವಸೆನೂ ನಿಜವೇ, ಈ ಭಯನೂ ನಿಜವೇ, ಎರಡೂ ಒಂದೇ ಮಾತಲ್ಲಿ ಸೇರ್ಕೊಂಡಿದೆ. ಅದನ್ನ ಬಿಡಿಸೋಕೆ ನೀವೇ ಮೊದಲು ಬಾಯಿ ಬಿಡಬೇಕಾಗುತ್ತೆ, ಯಾಕಂದ್ರೆ ಬೇಜಾರು ಮಾಡ್ಕೋಬೇಡಿ, ನೀವೂ ಒಂದು ಲಕೋಟೆ ಮುಚ್ಚಿಟ್ಟಿದೀರ. ಆ 20 ಸಾವಿರ.

ಅದಕ್ಕೂ ಹಿಜ್ಕೀಯನ ಕಥೇಲಿ ಜಾಗ ಇದೆ. 2 ಅರಸುಗಳು 18ನೇ ಅಧ್ಯಾಯ ನೋಡಿ, ಶುರುವಲ್ಲಿ ಅವನು ಗಾಬರಿ ಬಿದ್ದು ಸನ್ಹೇರೀಬನಿಗೆ 300 ತಲಾಂತು ಬೆಳ್ಳಿ 30 ತಲಾಂತು ಚಿನ್ನ ಕೊಡೋಕೆ ಒಪ್ಪಿ, ದೇವಾಲಯದ ಬಾಗಿಲಿನ ಬಂಗಾರ ಕಿತ್ತು ಕೊಟ್ಟ. ಕೊಟ್ಟರೂ ಸೈನ್ಯ ಬಂದೇ ಬಂತು. ಆ್ಯಪ್ ಸಾಲ ಹಾಗೇ, ಒಂದನ್ನ ತೀರಿಸೋಕೆ ಇನ್ನೊಂದು ಆ್ಯಪ್ ಅಂತ ಹೋಗುತ್ತೆ. ಇನ್ನೊಂದು ರೂಪಾಯಿ ಕೂಡ ಅಲ್ಲಿ ತಗೋಬೇಡಿ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಫೋಟೋ ಮುಟ್ಟೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ, ಯಾರಾದ್ರೂ ಫೋಟೋ ಕಳಿಸ್ತೀವಿ, ನೆಂಟರಿಗೆ ಫೋನ್ ಮಾಡ್ತೀವಿ ಅಂತ ಹೆದರಿಸಿದ್ರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ಒಳಗೊಳಗೇ ನಡುಗ್ತಾ ಕೂರಬೇಡಿ. ಹಿಜ್ಕೀಯ ಅಷ್ಟು ದೊಡ್ಡ ತಪ್ಪು ಹೆಜ್ಜೆ ಇಟ್ಟ ಮೇಲೂ ಅವನು ಹರಡಿದ ಪತ್ರವನ್ನ ದೇವರು ನೋಡಿದ, ಆ ರಾತ್ರಿನೇ ಉತ್ತರ ಬಂತು. ನಿಮ್ಮ 20 ಸಾವಿರಕ್ಕೆ ಆತ ಮುಖ ತಿರುಗಿಸ್ತಾನಾ.

ಮಗಳು ಮಲಗಿದ ಮೇಲೆ ಕುಟುಂಬ ಪ್ರಾರ್ಥನೆ ಟೈಮಲ್ಲೇ ಮಾಡಿ ಇದನ್ನ. ಲಕೋಟೆಗಳು ಸತ್ಯವೇದದ ಯಾವ ಪುಟದಲ್ಲಿವೆಯೋ ಅಲ್ಲಿಂದ ತೆಗೆದು 2 ಅರಸುಗಳು 19ಕ್ಕೆ ಸರಿಸಿಡಿ. ಅವರ ಕೈಲೇ ಆ 14ನೇ ವಚನ ಓದಿಸಿ. ಆಮೇಲೆ ನೀವು ಮೊದಲು ಆ್ಯಪ್ ಸಾಲದ ವಿಷಯ ಹೇಳಿ, "ರೀ, ನನಗೂ ಭಯ ಆಗಿ ಹೀಗೆ ಮಾಡಿಬಿಟ್ಟೆ" ಅಂತ, ನೆಪ ಹೇಳದೆ. ಅವರಿಗೆ ಸಿಟ್ಟು ಬರಬಹುದು, ಬರಲಿ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಇಬ್ಬರೂ ಸೇರಿ ಲಕೋಟೆ ಒಡೆದು ಜೋರಾಗಿ ಓದಿ, ಅದೇ ಕಾಗದಗಳನ್ನ ಮುಂದೆ ಇಟ್ಕೊಂಡೇ ಪ್ರಾರ್ಥನೆ ಮಾಡಿ, ಮೊತ್ತ ಎಷ್ಟು ತಾರೀಖು ಯಾವುದು ಎಲ್ಲ ಹೇಳಿ ಮಾಡಿ.

ತಡ ಮಾಡಬೇಡಿ ಅಂತ ಹೇಳೋಕೆ ಕಾರಣ ಇದೆ. ಕಂತು 90 ದಿನ ದಾಟಿ ಬಾಕಿ ಉಳಿದರೆ ಬ್ಯಾಂಕು ಅದನ್ನ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ, ಅಂತ ಸೇರಿಸುತ್ತೆ, ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಮನೆ ವಶಕ್ಕೆ ತಗೊಳ್ಳೋ ದಾರಿ ಹಿಡೀಬಹುದು. ನಿಮ್ಮದು ಎರಡೇ ಕಂತು ತಪ್ಪಿರೋದು, ಇನ್ನೂ ಸಮಯ ಇದೆ. ಈಗಲೇ ಬ್ರಾಂಚ್ ಮ್ಯಾನೇಜರ್ ಹತ್ರ ಹೋಗಿ ಕೆಲಸ ಹೋಗಿರೋದು ಹೇಳಿ, ಸಾಲದ ಅವಧಿ ಜಾಸ್ತಿ ಮಾಡಿ ಕಂತು ಇಳಿಸೋಕಾಗುತ್ತಾ ಅಂತ ಅರ್ಜಿ ಬರೆದು ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ. ಒಪ್ಪೇ ಒಪ್ತಾರೆ ಅಂತ ನಾನು ಹೇಳಲ್ಲ, ಆದರೆ ಕಾಗದಕ್ಕೆ ಉತ್ತರ ಕೊಡದ ಗಿರಾಕಿಗಿಂತ ಎದುರಿಗೆ ಬಂದು ಕೂತ ಗಿರಾಕಿ ಜೊತೆ ಮಾತುಕತೆ ಸಲೀಸು. ಯಜಮಾನ್ರ ಪಿಎಫ್ ದುಡ್ಡಲ್ಲಿ ಈಗ ಎಷ್ಟು ತೆಗೀಬಹುದು ಅಂತಾನೂ ವಿಚಾರಿಸಿ. ಮೆಷಿನ್ ಶಾಪ್ ಅನುಭವ ಇರೋರು, ಸೂಪರ್‌ವೈಸರ್ ಕೆಲಸವೇ ಸಿಗಬೇಕು ಅಂತ ಕಾಯದೆ ಸದ್ಯಕ್ಕೆ ಆಪರೇಟರ್ ಕೆಲಸ ಸಿಕ್ಕರೂ ಹೋಗಲಿ.

ಇನ್ನೊಂದು ವಿಷಯ, ಇದು ನನಗೆ ಬಹಳ ಮುಖ್ಯ. ಮತ್ತಾಯ 6ನೇ ಅಧ್ಯಾಯ ನಮ್ಮ ಕನ್ನಡ ಸತ್ಯವೇದದಲ್ಲೇ ನಿಧಾನವಾಗಿ ಓದಿ. ಧರ್ಮ ಕೊಡೋ ವಿಷಯ ಬಂದಾಗ ಯೇಸುಸ್ವಾಮಿ "ನೀನು" ಅಂತಾರೆ, ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡು ಅನ್ನುವಾಗ "ನೀನು", ಉಪವಾಸ ಇದ್ದಾಗ ತಲೆಗೆ ಎಣ್ಣೆ ಹಚ್ಕೋ ಅನ್ನುವಾಗಲೂ "ನೀನು". ಅದೇ 25ನೇ ವಚನಕ್ಕೆ ಬಂದರೆ "ಚಿಂತೆ ಮಾಡಬೇಡಿರಿ", "ನೀವು". ನಾನು ನಿಮಗೆ ಮರ್ಯಾದೆಗೆ ನೀವು ಅಂತಿದೀನಲ್ಲ ಹಾಗಲ್ಲ, ಅದು ಬಹುವಚನ, ಗ್ರೀಕಲ್ಲೂ ಹಾಗೇ ಇದೆ. ಧರ್ಮವನ್ನ, ಉಪವಾಸವನ್ನ ಗುಟ್ಟಾಗಿ ಮಾಡು ಅಂದ ಸ್ವಾಮಿ ನಾಳಿನ ಅನ್ನದ ವಿಷಯ ಮಾತ್ರ ಗುಂಪಿಗೆ ಹೇಳಿದ್ದು, ಪ್ರಾರ್ಥನೇಲೂ "ನಮ್ಮ ಅನುದಿನದ ಆಹಾರ" ಅಂತಾನೇ ಕಲಿಸಿದ್ದು. ನಾವು ಸಭೆಯವರು ಇದನ್ನ ಉಲ್ಟಾ ಮಾಡ್ಕೊಂಡಿದೀವಿ, ಉಪವಾಸ ಎಲ್ಲರಿಗೂ ಗೊತ್ತಾಗುತ್ತೆ, ಮನೇಲಿ ಅಕ್ಕಿ ಇಲ್ಲದಿರೋದು ಯಾರಿಗೂ ಗೊತ್ತಾಗಲ್ಲ.

ನಮ್ಮಮ್ಮ ಹಾಗೇ ಇದ್ದರು. ನಾನು ಹೈಸ್ಕೂಲಲ್ಲಿದ್ದಾಗ ಅಪ್ಪ ಕೆಲಸ ಮಾಡ್ತಿದ್ದ ಹಂಚಿನ ಕಾರ್ಖಾನೆ ನಿಂತುಹೋಯ್ತು. ನಮ್ಮ ಸಭೇಲಿ ಆಗ ಹಿಡಿ ಅಕ್ಕಿ ತೆಗೆದಿಡೋ ಪದ್ಧತಿ, ಅನ್ನಕ್ಕಿಡೋ ಮುಂಚೆ ಒಂದು ಹಿಡಿ ಬೇರೆ ಡಬ್ಬಿಗೆ, ಭಾನುವಾರ ಅದನ್ನ ಚರ್ಚಿಗೆ ಕೊಟ್ಟರೆ ಕಷ್ಟದಲ್ಲಿರೋ ಮನೆಗೆ ಹೋಗ್ತಿತ್ತು. ನಮಗೇ ಗಂಜಿ ಆದ ದಿನಗಳಲ್ಲೂ ಅಮ್ಮ ಆ ಹಿಡಿ ತಪ್ಪಿಸಲಿಲ್ಲ, ಆದರೆ ನಮಗೂ ಬೇಕು ಅಂತ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ, ಓದು ಬರಹ ಬರದವರು, ಆರಾಧನೆ ಮುಗಿದ ಮೇಲೆ ಅಮ್ಮನ ಬರಿಗಿವಿ ನೋಡಿ ಓಲೆ ಎಲ್ಲಿ ಮಗಾ ಅಂತ ಕೇಳಿದರು. ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು. ಆ ವಾರದಿಂದ ಡಬ್ಬಿ ಅಕ್ಕಿ ನಮ್ಮನೆಗೂ ಬಂತು, ಎಂಟು ತಿಂಗಳು. ಅಮ್ಮ ಅದನ್ನ ನಾಚಿಕೆ ಅಂತ ಕೊನೇವರೆಗೂ ಹೇಳಲಿಲ್ಲ, ದೇವರು ಕಳಿಸಿದ ಅಕ್ಕಿ ಅಂತಾನೇ ಹೇಳ್ತಿದ್ದರು.

ನಿಮಗೆ "ನಂಬಿಕೆ ಸಾಲದು ಸಿಸ್ಟರ್" ಅಂದವರು ತಪ್ಪು ಮಾತು ಹೇಳಿದರು, ಅದು ನನಗೆ ಬಹಳ ನೋವಾಯ್ತು. ಆದರೆ ಅವರೊಬ್ಬರೇ ಸಭೆ ಅಲ್ಲ. ಹಿಜ್ಕೀಯ ಕೂಡ ಬಟ್ಟೆ ಹರ್ಕೊಂಡು ಗೋಣಿತಟ್ಟು ಸುತ್ಕೊಂಡಿದ್ದಾಗ ತನ್ನವರನ್ನ ಪ್ರವಾದಿ ಯೆಶಾಯನ ಹತ್ರ ಕಳಿಸಿ, ನಮಗೋಸ್ಕರ ಪ್ರಾರ್ಥನೆ ಮಾಡಿ ಅಂತ ಕೇಳ್ಕೊಂಡ. ಬಾಯಿ ಭದ್ರ ಇರೋ ಇಬ್ಬರನ್ನ ಆರಿಸ್ಕೊಳ್ಳಿ, ನಿಮ್ಮ ಸಭೆಯ ಅಯ್ಯನವರು (ಪಾಸ್ಟರ್) ಒಳ್ಳೆಯವರಾದ್ರೆ ಅವರಿಗೇ ಹೇಳಿ. ಸಭೇಲಿ ಕಾರ್ಖಾನೆ ನಡೆಸೋರು, ಬ್ಯಾಂಕಲ್ಲಿ ರಿಟೈರ್ ಆದವರು ಇದ್ದೇ ಇರ್ತಾರೆ, ಅವರಿಗೆ ಗೊತ್ತಾದರೆ ತಾನೆ ಸಹಾಯಕ್ಕೆ ಬರೋದು.

ನಿದ್ದೆ ವಿಷಯ ಮರೀಬೇಡಿ. ಪ್ರವಾದಿ ಎಲೀಯ ಸಾವು ಬೇಕು ಅಂತ ಜಾಲೀ ಗಿಡದ ಕೆಳಗೆ ಬಿದ್ಕೊಂಡಾಗ ದೇವದೂತ ಉಪದೇಶ ಮಾಡಲಿಲ್ಲ, ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ, ಎರಡನೇ ಸಲನೂ ಎಬ್ಬಿಸಿ ತಿನ್ನಿಸಿದ. ಎದೆ ಹೊಡ್ಕೊಳ್ಳೋದು ದಿನಾ ಆಗ್ತಿದ್ರೆ ಒಂದು ಸಲ ಡಾಕ್ಟರಿಗೆ ತೋರಿಸಿ. ಮನಸ್ಸು ತಡೀಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಫ್ರೀ ನಂಬರ್, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಮೂರಕ್ಕೂ ಎತ್ತುತ್ತಾರೆ. ಮಾತ್ರೆ ತಗೊಂಡ್ರೆ ನಂಬಿಕೆ ಕಮ್ಮಿ ಆಗುತ್ತೆ ಅಂತ ಯಾರಾದ್ರೂ ಅಂದ್ರೆ, ಪೌಲನ ಜೊತೆ ಇದ್ದ ಲೂಕ ವೈದ್ಯ ಅಂತ ನೆನಪು ಮಾಡಿ. ಫೋನಲ್ಲಿ ಲೆಕ್ಕ ಹಾಕೋದನ್ನ ಸಂಜೆ ಏಳು ಗಂಟೆಗೆ, ಯಜಮಾನ್ರ ಪಕ್ಕದಲ್ಲಿ ಕೂತು, ಒಂದು ನೋಟ್‌ಬುಕ್ಕಲ್ಲಿ ಮಾಡಿ. ಮೂರು ಗಂಟೆಗೆ ಎಚ್ಚರ ಆದರೆ 56ನೇ ಕೀರ್ತನೆಯ ಮೂರನೇ ವಚನ ಸಾಕು, ನನಗೆ ಹೆದರಿಕೆ ಆದಾಗ ನಿನ್ನನ್ನೇ ನಂಬುವೆನು ಅಂತ ಇದೆ ಅಲ್ಲಿ. ದಾವೀದ ಹೆದರಿಕೆ ಹೋದಮೇಲೆ ನಂಬ್ತೀನಿ ಅನ್ನಲಿಲ್ಲ ನೋಡಿ.

ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋಗಿ, ಅವರೊಬ್ಬರನ್ನೇ ಕಳಿಸಬೇಡಿ. ಸಾಲದ ಪಾಸ್‌ಬುಕ್, ಕೆಲಸ ಹೋದ ಪತ್ರ, ನಿಮ್ಮ ಸಂಬಳದ ಸ್ಲಿಪ್, ಒಡೆದ ಲಕೋಟೆಗಳು ಎಲ್ಲ ಒಂದು ಕವರಲ್ಲಿ ಇಟ್ಕೊಂಡು ಹೋಗಿ. ಯಾವ ದಿನ ಹೋಗ್ತೀರ ಅಂತ ನನಗೆ ಒಂದು ಸಾಲು ಬರೀರಿ, ಆ ಬೆಳಗ್ಗೆ ನಿಮ್ಮಿಬ್ಬರಿಗೋಸ್ಕರ ನಾನು ಮೊಣಕಾಲೂರಿರ್ತೀನಿ.

ನಿಮ್ಮ ಅಕ್ಕ